ಹಲ್ಲಿನ ಡಾಕ್ಟರ ವಾಸನೆಯ ಸೆಂಟು

"ಟೀಚರ್, ಒಂದ್ನಿಮಿಷ ಬನ್ನಿ ಇಲ್ಲಿ. ಇದನ್ನ ಮೂಸಿ ನೋಡಿ."

ಪಕ್ಕದ ಮನೆಯ ಅಕ್ಕ ಕಾಂಪೌಂಡಿನ ಮೇಲಿಂದ ಮುಂಗೈ ಚಾಚಿದಾಗ ನಾನು ತುಳಸಿಕಟ್ಟೆಗೆ ನೀರು ಹಾಕುತ್ತಿದ್ದೆ. ನಮ್ಮಿಬ್ಬರ ಮನೆಗಳ ನಡುವೆ ಎದೆಮಟ್ಟದ ಗೋಡೆ, ಅದರ ಮೇಲೆ ಅವರು ಹಬ್ಬಿಸಿದ ತೊಂಡೆಬಳ್ಳಿ. ತುಮಕೂರಿನ ಈ ಬಡಾವಣೆಗೆ ಬಂದು ಇಪ್ಪತ್ತಾರು ವರ್ಷವಾಯಿತು. ಸಾವು, ಮದುವೆ, ಮಕ್ಕಳ ಮಾರ್ಕ್ಸು, ಮಂಡಿನೋವು ಎಲ್ಲವನ್ನೂ ನಾವು ಮಾತಾಡಿದ್ದು ಆ ಬಳ್ಳಿಯ ಮೇಲಿಂದಲೇ.

"ಮಗ ದುಬೈಯಿಂದ ತಂದವ್ನೆ ಕಣಮ್ಮ. ಸೆಂಟಂತೆ. ಭಾರೀ ದುಡ್ಡು ಕೊಟ್ಟವ್ನೆ. ಹಚ್ಕಂಡ್ರೆ ಹಲ್ಲಿನ ಡಾಕ್ಟ್ರು ಷಾಪಿಗೆ ಹೋಗಿ ಕುರ್ಚಿ ಮೇಲೆ ಕೂತಂಗಾಯ್ತದೆ. ಹಳೇ ಮಾಲು ಕೊಟ್ಟು ಮೋಸ ಮಾಡವ್ರೋ ಏನೋ."

ಮೂಸಿದೆ. ಅಕ್ಕನ ಮೂಗು ಸುಳ್ಳು ಹೇಳಿರಲಿಲ್ಲ. ಮೊದಲು ಕಿತ್ತಳೆ ಸಿಪ್ಪೆಯ ಹಾಗೆ ಏನೋ ಚುರುಕ್ಕೆಂದಿತು, ಅದರ ಬೆನ್ನಿಗೇ ಲವಂಗ ಬಂತು. ಮರೆಯಲ್ಲಿ ನಿಂತಿದ್ದ ಲವಂಗವಲ್ಲ, ಬಾಗಿಲು ತಳ್ಳಿಕೊಂಡು ಒಳಗೆ ಬಂದ ಲವಂಗ. ಅದರ ಡಬ್ಬ ಕೊಡಿ ಎಂದು ಇಸಿದುಕೊಂಡು, ಕನ್ನಡಕ ಏರಿಸಿ, ಇರುವೆ ಸಾಲಿನಂಥ ಅಕ್ಷರಗಳನ್ನು ಓದಿದೆ. ಲಿನಲೂಲ್, ಜೆರಾನಿಯಾಲ್, ಕೂಮರಿನ್, ಯೂಜಿನಾಲ್. ಸಿಕ್ಕಿತು. ಮೂವತ್ತು ವರ್ಷ ಮಕ್ಕಳಿಗೆ ರಸಾಯನಶಾಸ್ತ್ರ ಪಾಠ ಮಾಡಿದವಳಿಗೆ ಇಂಥದ್ದೊಂದು ಹೆಸರು ಬೆಳಗ್ಗೆ ಬೆಳಗ್ಗೆ ಗೋಡೆಯ ಮೇಲೆ ಸಿಕ್ಕರೆ ಆ ದಿನವೇ ಹಬ್ಬ.

"ಅಕ್ಕ, ಇದರಲ್ಲಿ ಮೋಸ ಏನೂ ಇಲ್ಲ. ಯೂಜಿನಾಲ್ ಅಂದ್ರೆ ಲವಂಗದ ಜೀವ. ಲವಂಗದ ಎಣ್ಣೆ ತೆಗೆದರೆ ನೂರು ಪಾಲಿನಲ್ಲಿ ಎಪ್ಪತ್ತರಿಂದ ತೊಂಬತ್ತು ಪಾಲು ಇದೇ. ಹಲ್ಲಿನ ಡಾಕ್ಟ್ರು ಸತುವಿನ ಆಕ್ಸೈಡ್ ಅನ್ನೋ ಬಿಳೀ ಪುಡಿಗೆ ಇದರ ಹನಿ ಹಾಕಿ ಕಲಸ್ತಾರೆ. ಆ ಮುದ್ದೆ ಹಲ್ಲಿನ ಗುಳಿಯಲ್ಲಿ ಕೂತು ಗಟ್ಟಿಯಾಗುತ್ತೆ, ನೋವೂ ಮರಗಟ್ಟುತ್ತೆ. ಅವರ ಷಾಪಿನ ವಾಸನೆ ಅಂತ ನೀವು ಅನ್ಕೊಂಡಿರೋದು ನಿಮ್ಮ ಮಸಾಲೆ ಡಬ್ಬಿಯ ಲವಂಗದ್ದೇ ವಾಸನೆ."

"ಹಂಗಾದ್ರೆ ಲವಂಗಾನ ಮೈಗೆ ಯಾಕ್ರೀ ಹಚ್ಕಬೇಕು? ಪಲಾವಿಗೆ ಹಾಕ್ಕಳದು ಅದು."

ಆ ಪ್ರಶ್ನೆಗೆ ಗೋಡೆಯ ಬಳಿ ನಿಂತು ಹೇಳಿ ಮುಗಿಸುವಂಥ ಉತ್ತರ ನನ್ನಲ್ಲಿರಲಿಲ್ಲ. ಅವತ್ತು, ಮರುದಿನ, ಅದರ ಮರುದಿನ ಮೂರು ದಿನವೂ ಅದೇ ಮಾತು ನಡೆಯಿತು.

ಮೊದಲು ಲವಂಗ ಯಾರ ಮನೆಯದು ಎನ್ನುವುದರಿಂದ ಶುರು ಮಾಡಿದೆ. ಬೀದಿಯ ಕೊನೆಯಲ್ಲಿ ನೇರಳೆ ಮರವಿದೆ, ಜೂನ್ ಬಂದರೆ ರಸ್ತೆಯೆಲ್ಲ ನೇರಳೆ ಬಣ್ಣ. ಲವಂಗ ಆ ಮರದ ಒಡಹುಟ್ಟು ಎಂದರೆ ಅಕ್ಕ ನಂಬಲಿಲ್ಲ. ಆದರೆ ನಿಜ. ನೇರಳೆ, ಪನ್ನೇರಳೆ, ಲವಂಗ ಮೂರೂ ಸಿಜೀಜಿಯಂ ಎಂಬ ಒಂದೇ ಕುಲದವು. ಸೀಬೆಯೂ, ನಮ್ಮ ಜಿಲ್ಲೆಯ ಬಯಲಿನಲ್ಲೆಲ್ಲ ನೆಟ್ಟಿರುವ ನೀಲಗಿರಿಯೂ ದಾಯಾದಿಗಳು. ಲವಂಗ ಹಣ್ಣೂ ಅಲ್ಲ, ಬೀಜವೂ ಅಲ್ಲ, ಅರಳದೆ ಉಳಿದ ಹೂವು. ಒಂದು ಲವಂಗವನ್ನು ಅಂಗೈಯಲ್ಲಿಟ್ಟು ತೋರಿಸಿದೆ: ಮೇಲಿನ ಪುಟ್ಟ ಗುಂಡು ಬಿಚ್ಚಿಕೊಳ್ಳದ ನಾಲ್ಕು ದಳ, ಸುತ್ತಲಿನ ನಾಲ್ಕು ಹಲ್ಲು ಪುಷ್ಪಪಾತ್ರೆ. ಮರದಲ್ಲಿ ಮೊಗ್ಗು ಹಸಿರಿನಿಂದ ನಸುಗೆಂಪಿಗೆ ತಿರುಗುವ ಹೊತ್ತಿಗೆ ಕೈಯಿಂದ ಬಿಡಿಸಿ ಬಿಸಿಲಿಗೆ ಹಾಕುತ್ತಾರೆ. ನಾಲ್ಕೈದು ದಿನದಲ್ಲಿ ಮೂರರಲ್ಲಿ ಎರಡು ಪಾಲು ತೂಕ ಕಳೆದುಕೊಂಡು ಈ ಕಂದು ಮೊಳೆಯಾಗುತ್ತದೆ. ಅರಳಲು ಬಿಟ್ಟರೆ ಕೆಲಸ ಕೆಟ್ಟಿತು.

"ಅಯ್ಯೋ ಪಾಪ, ಅರಳೋಕೆ ಬಿಡಲ್ವಾ?" ಎಂದರು ಅಕ್ಕ. ಅವರಿಗೆ ಮರುಕ ಬಂದದ್ದು ಅಲ್ಲಿ.

ನಮ್ಮ ಕಡೆ ಲವಂಗದ ಮರ ಬರುವುದಿಲ್ಲ. ಅದಕ್ಕೆ ವರ್ಷಕ್ಕೆ 150 ಸೆಂ.ಮೀ. ಮೀರಿದ ಮಳೆ ಬೇಕು, ಗಾಳಿಯಲ್ಲಿ ಸದಾ ತೇವ ಬೇಕು. ತುಮಕೂರು, ಗುಬ್ಬಿ, ಕುಣಿಗಲ್ಲಿನ ಆಕಾಶ ಅಷ್ಟು ಕೊಡುವುದಿಲ್ಲ. ಕರ್ನಾಟಕದಲ್ಲಿ ಕೊಡಗು, ದಕ್ಷಿಣ ಕನ್ನಡದ ತೋಟಗಳಲ್ಲಿ ಅಡಿಕೆ ಕಾಫಿಯ ನಡುವೆ ಅಲ್ಲೊಂದು ಇಲ್ಲೊಂದು ಇದೆ. ಕೇರಳದಲ್ಲಿ, ಕನ್ಯಾಕುಮಾರಿಯ ಬೆಟ್ಟಗಳಲ್ಲಿ ಹೆಚ್ಚು. ಅದರ ಹುಟ್ಟೂರು ಇಂಡೋನೇಷ್ಯಾದ ಮಲುಕು ದ್ವೀಪಗಳು, ಅದರಲ್ಲೂ ಟರ್ನಾಟೆ, ತಿಡೋರೆ ಎಂಬ ಪುಟ್ಟ ಪುಟ್ಟ ನಡುಗಡ್ಡೆಗಳು. 17ನೇ ಶತಮಾನದಲ್ಲಿ ಡಚ್ಚರು ತಮ್ಮ ಅಂಕೆಯಲ್ಲಿದ್ದ ಅಂಬೋನ್ ಸೀಮೆ ಬಿಟ್ಟು ಉಳಿದ ಕಡೆಯ ಮರಗಳನ್ನೆಲ್ಲ ಕಡಿಸಿಹಾಕಿದರು, ಬೆಲೆ ಇಳಿಯಬಾರದೆಂದು. ಒಂದು ಪರಿಮಳಕ್ಕಾಗಿ ಊರೂರೇ ಬರಿದಾದ ಆ ಕಥೆ ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಕೊನೆಗೆ 1770ರಲ್ಲಿ ಫ್ರೆಂಚರು ಸಸಿಗಳನ್ನು ಕದ್ದೊಯ್ದು ಮಾರಿಷಸ್ಸಿನಲ್ಲಿ ನೆಟ್ಟ ಮೇಲೆ ಆ ಬಿಗಿ ಸಡಿಲಿತು. ಆಮೇಲೆ ಜಂಜಿಬಾರ್, ಮಡಗಾಸ್ಕರ್ ಎಲ್ಲ ಲವಂಗದ ನಾಡಾದವು.

ಇದೆಲ್ಲ ಆಗುವುದಕ್ಕೆ ಸಾವಿರ ವರ್ಷಕ್ಕೂ ಹಿಂದೆ ಕಾಳಿದಾಸನಿಗೆ ಇದು ಗೊತ್ತಿತ್ತು. ರಘುವಂಶದಲ್ಲಿ ಇಂದುಮತಿಯ ಸ್ವಯಂವರಕ್ಕೆ ಬಂದ ಕಳಿಂಗದ ರಾಜನನ್ನು ವರ್ಣಿಸುವಾಗ, ಅವನ ಕಡಲ ತೀರಕ್ಕೆ ಬೇರೆ ದ್ವೀಪಗಳಿಂದ ಲವಂಗದ ಹೂಗಳನ್ನು ಹೊತ್ತು ಬರುವ ಗಾಳಿಯ ಮಾತು ಬರುತ್ತದೆ. ಲವಂಗ ದೂರದಿಂದ ಬರುವ ಪರಿಮಳವೆಂದು ಅವನಿಗೆ ತಿಳಿದಿತ್ತು. ಚೀನಾದ ಹಾನ್ ದೊರೆಗಳ ಆಸ್ಥಾನದಲ್ಲಿ ದೊರೆಯ ಮುಂದೆ ಮಾತಾಡುವವರು ಬಾಯಲ್ಲಿ ಲವಂಗ ಇಟ್ಟುಕೊಳ್ಳಬೇಕಿತ್ತಂತೆ. ಅದನ್ನು ಕೇಳಿ ಅಕ್ಕ, "ಇದನ್ನ ನಮ್ಮ ವಾರ್ಡ್ ಮೀಟಿಂಗಿಗೂ ತರಬೇಕು" ಎಂದರು.

ಎರಡನೆಯ ದಿನ ಮಂಡಿಪೇಟೆಯ ಗ್ರಂದಿಗೆ ಅಂಗಡಿಗೆ ಹೋಗಿ ಐವತ್ತು ಗ್ರಾಂ ಲವಂಗ ತಂದೆ. ಗೋಡೆಯ ಮೇಲೆ ಒಂದು ಲೋಟ ನೀರಿಟ್ಟು ನಾಲ್ಕು ಕಾಳು ಹಾಕಿದೆ. ಮೂರು ಮುಳುಗಿದವು, ಒಂದು ನೆಟ್ಟಗೆ ನಿಂತಿತು. ಒಳ್ಳೆಯ ಲವಂಗದ ಗುರುತು ಅದು. ಎಣ್ಣೆ ಹಿಂಡಿ ತೆಗೆದ ಲವಂಗವನ್ನು ಒಣಗಿಸಿ ಮಾರುವವರಿದ್ದಾರೆ, ಅದು ನೀರಿನ ಮೇಲೆ ಅಡ್ಡಡ್ಡ ತೇಲುತ್ತದೆ. ಉಗುರಿನಿಂದ ಅಮುಕಿದರೆ ಎಣ್ಣೆ ಜಿನುಗಬೇಕು, ಅದೂ ಇದರಲ್ಲಿ ಜಿನುಗಿತು. ಅಕ್ಕ ಒಳಗೆ ಹೋಗಿ ತಮ್ಮ ಡಬ್ಬಿಯದನ್ನೂ ತಂದು ಹಾಕಿದರು. ಐದಕ್ಕೆ ನಾಲ್ಕು ತೇಲಿದವು. ಅವತ್ತೇ ಅವರ ಮನೆಗೆ ಹೊಸ ಲವಂಗ ಬಂತು.

ಲವಂಗವನ್ನು ಹಬೆಯಲ್ಲಿ ಬೇಯಿಸಿ ಎಣ್ಣೆ ಇಳಿಸುತ್ತಾರೆ. ಗುಲಾಬಿಯದಾದರೆ ಒಂದು ಕಿಲೋ ಎಣ್ಣೆಗೆ ಮೂರು ನಾಲ್ಕು ಟನ್ ಹೂವು ಬೇಕು. ಲವಂಗಕ್ಕೆ ಆರೇಳು ಕಿಲೋ ಮೊಗ್ಗು ಸಾಕು, ಅಷ್ಟು ಧಾರಾಳಿ. ಇಳಿದ ಎಣ್ಣೆ ನೀರಿಗಿಂತ ಭಾರ, ಹಾಗಾಗಿ ತೇಲುವುದಿಲ್ಲ, ತಳಕ್ಕೆ ಹೋಗಿ ಕೂರುತ್ತದೆ. ಎಲೆಯಿಂದಲೂ ಕಾಂಡದಿಂದಲೂ ಎಣ್ಣೆ ತೆಗೆಯುವುದುಂಟು, ಅದು ಅಗ್ಗ, ವಾಸನೆ ಒರಟು. ಮೊಗ್ಗಿನ ಎಣ್ಣೆಯಲ್ಲಿ ಯೂಜಿನಾಲ್ ಜೊತೆಗೆ ಅದರದೇ ಅಸಿಟೇಟ್ ಇರುವುದರಿಂದ ಖಾರದ ಹಿಂದೆ ಹಣ್ಣಿನಂಥ ಒಂದು ಸಿಹಿ ಇರುತ್ತದೆ. ಸೆಂಟು ಮಾಡುವವರಿಗೆ ಬೇಕಾದದ್ದು ಆ ಸಿಹಿ.

ಇನ್ನು ಅಕ್ಕನ ಮೂಲ ಪ್ರಶ್ನೆ. ಮೈಗೆ ಯಾಕೆ?

ನಾನು ಅವರ ಸಾರಿನ ಉದಾಹರಣೆ ತೆಗೆದೆ. "ನೀವು ಬೇಳೆಸಾರಿಗೆ ಇಂಗು ಹಾಕ್ತೀರಲ್ಲ, ತಿನ್ನೋರಿಗೆ ಇಂಗು ಗೊತ್ತಾಗುತ್ತಾ?"

"ಗೊತ್ತಾದ್ರೆ ಜಾಸ್ತಿ ಬಿತ್ತು ಅಂತ ಅರ್ಥ. ಹಾಕದೆ ಇದ್ರೆ ಮಾತ್ರ ಸಾರು ಸಾರಾಗಿರಲ್ಲ."

ಸುವಾಸನೆಯ ಸೀಸೆಯಲ್ಲಿ ಲವಂಗದ ಕೆಲಸ ಅದೇ. ಹೂವಿನ ವಾಸನೆಗಳು ತಾವಾಗಿ ತಣ್ಣಗಿರುತ್ತವೆ, ನೀರುನೀರಾಗಿರುತ್ತವೆ. ಗುಲಾಬಿಯೊಳಗೇ ಹುಟ್ಟಿನಿಂದ ಚೂರು ಯೂಜಿನಾಲ್ ಇದೆ. ನಮ್ಮ ಹಿತ್ತಲ ಪನ್ನೀರು ಗುಲಾಬಿಯನ್ನು ಬೆಳಗಿನ ಜಾವ ಮೂಗಿಗೆ ಹಿಡಿದು ಮೂಸಿದರೆ ಆಳದಲ್ಲೊಂದು ಬೆಚ್ಚನೆ ಖಾರ ಸಿಗುತ್ತದಲ್ಲ, ಅದರಲ್ಲಿ ಇದರ ಪಾಲೂ ಇದೆ. ಅದನ್ನು ತೆಗೆದುಬಿಟ್ಟರೆ ಗುಲಾಬಿ ಸೋಪಿನ ಗುಲಾಬಿಯಾಗುತ್ತದೆ. ಹೂವಿಗೆ ಮೈಬಿಸಿ ಕೊಡುವುದು ಲವಂಗ ಎಂದು ನಾನು ಅಕ್ಕನಿಗೆ ಹೇಳಿದೆ, ಈ ಮಾತಿನಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಮಸಾಲೆ ವಾಸನೆ ಎಂದು ಮೂಗು ಮುರಿಯುವವರು ಇದನ್ನು ಒಮ್ಮೆ ಪರೀಕ್ಷೆ ಮಾಡಿ ನೋಡಬೇಕು.

ಕಾರ್ನೇಷನ್ ಎಂಬ ಹೂವಿನ ಕಥೆ ಇನ್ನೂ ಚೆಂದ. ಮದುವೆ ಮಂಟಪಗಳಲ್ಲಿ ಈಗ ಕಟ್ಟುವ ಆ ನೆರಿಗೆ ನೆರಿಗೆಯ ಹೂವು. ಅದರ ಶಾಸ್ತ್ರೀಯ ಹೆಸರು ಡಯಾಂತಸ್ ಕಾರಿಯೋಫಿಲಸ್, ಆ ಎರಡನೆಯ ಪದ ಲವಂಗದ ಹಳೆಯ ಹೆಸರೇ. ಹಳೆಯ ಜಾತಿಯ ಹೂವಿಗೆ ಲವಂಗದ್ದೇ ಘಮ. ಹೂಗುಚ್ಛಕ್ಕೆಂದು ಬೆಳೆಸುವ ಈಗಿನವು ಬಣ್ಣ, ಬಾಳಿಕೆ ಗಳಿಸಿ ವಾಸನೆ ಕಳೆದುಕೊಂಡಿವೆ. ಈ ಹೂವಿನಿಂದ ನೇರವಾಗಿ ಪರಿಮಳ ತೆಗೆಯುವುದು ಬಲು ದುಬಾರಿ. ಹಾಗಾಗಿ ಯೂಜಿನಾಲ್, ಅದರ ತಮ್ಮನಂತಿರುವ ಐಸೊಯೂಜಿನಾಲ್, ಸ್ವಲ್ಪ ಗುಲಾಬಿ, ಸ್ವಲ್ಪ ವೆನಿಲಾ ಕೂಡಿಸಿ ಫ್ರಾನ್ಸಿನವರು ಇಲ್ಲದ ಹೂವನ್ನು ಸೀಸೆಯಲ್ಲಿ ಅರಳಿಸಿದರು. 1905ರ ಕೋಟಿ ಕಂಪನಿಯ ಲೊರಿಗಾನ್, 1927ರ ಕರೋನ್ ಕಂಪನಿಯ ಬೆಲೋಜಿಯಾ, 1948ರ ನೀನಾ ರಿಚಿಯ ಲೇರ್ ದು ತಾಂ, ಎಲ್ಲದರ ಎದೆಯಲ್ಲೂ ಈ ಲವಂಗದ ಹೂವಿದೆ. 1977ರಲ್ಲಿ ಬಂದ ಓಪಿಯಂ ಅಂತೂ ಮಸಾಲೆ ಡಬ್ಬಿಯನ್ನೇ ತೆರೆದಿಟ್ಟ ಹಾಗೆ.

ಈ ಹೆಸರುಗಳೆಲ್ಲ ಅಕ್ಕನಿಗೆ ದೂರದವು. "ನಿಮ್ಮ ಯಜಮಾನ್ರು ಗಡ್ಡ ಮಾಡ್ಕೊಂಡ ಮೇಲೆ ಕೆಂಪು ಡಬ್ಬದ ಓಲ್ಡ್ ಸ್ಪೈಸ್ ಹಚ್ಕೊತಿದ್ರಲ್ಲ?" ಎಂದೆ. ಅಕ್ಕ ತೊಂಡೆ ಎಲೆ ಕೀಳುತ್ತಿದ್ದ ಕೈ ನಿಲ್ಲಿಸಿದರು. ಆ ವಾಸನೆಯೊಳಗೂ ಲವಂಗವಿದೆ, ಅಮೆರಿಕದಲ್ಲಿ 1938ರಿಂದ ಗಂಡಸರು ಹಚ್ಚಿಕೊಂಡು ಬಂದದ್ದು. ಯಜಮಾನರು ಹೋಗಿ ಒಂಬತ್ತು ವರ್ಷವಾಯಿತು. ಅಕ್ಕ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ.

ಮತ್ತೆ ಮಾತಿಗೆ ಎಳೆದದ್ದು ಅವರೇ. "ಇದೆಲ್ಲ ಹೊರದೇಶದ್ದು. ನಮ್ಮೋರು ಏನು ಮಾಡವ್ರೆ ಹೇಳಿ."

ನಮ್ಮವರು ಮಾಡಿದ್ದು ಕಡಿಮೆಯೇ? 1025ರ ಸುಮಾರಿಗೆ ಚಾವುಂಡರಾಯನೆಂಬ ಕವಿ ಕನ್ನಡದಲ್ಲಿ ಬರೆದ ಲೋಕೋಪಕಾರದಲ್ಲಿ ಬಾವಿ ತೋಡಲು ನೀರು ನೋಡುವುದು, ಗಿಡಮರದ ಆರೈಕೆ, ಅಡುಗೆ ಇವುಗಳ ಜೊತೆಗೆ ಗಂಧಯುಕ್ತಿಗೂ ಒಂದು ಅಧ್ಯಾಯವಿದೆ. ಪರಿಮಳ ಬೆರೆಸುವ ವಿದ್ಯೆ ಮನೆವಾರ್ತೆಯ ತಿಳಿವಳಿಕೆಗಳಲ್ಲಿ ಒಂದಾಗಿತ್ತು ಎಂದಾಯಿತು. ಅದಾಗಿ ನೂರು ವರ್ಷಕ್ಕೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಮಾನಸೋಲ್ಲಾಸ ಬರೆದು, ಲೇಪನ, ಧೂಪ, ತಾಂಬೂಲಗಳನ್ನು ಅರಸನ ಭೋಗಗಳೆಂದು ಬಿಡಿಸಿ ಹೇಳಿದ. ಕರ್ಪೂರ, ಕಂಕೋಲ, ಲವಂಗ, ಜಾಕಾಯಿ, ಅಡಿಕೆ ಈ ಐದಕ್ಕೆ ಪಂಚಸೌಗಂಧಿಕವೆಂಬ ಹೆಸರೇ ಇದೆ. ಬೀಡಾ ಕಟ್ಟಿ ಮೇಲೊಂದು ಲವಂಗ ಚುಚ್ಚುವುದು ಎಲೆ ಬಿಚ್ಚದಿರಲಿ ಎಂದಷ್ಟೇ ಅಲ್ಲ.

ನನ್ನ ತೌರು ಗುಬ್ಬಿ. ಅಡಿಕೆ, ಕೊಬ್ಬರಿಯ ಊರು. ನಮ್ಮ ತಾತ ಚನ್ನಬಸವೇಶ್ವರ ನಾಟಕ ಕಂಪನಿಯ ಆಟಗಳನ್ನು ನೋಡಿ ಬೆಳೆದವರು. 1884ರಲ್ಲಿ ಹುಟ್ಟಿ ಮುಂದೆ ಗುಬ್ಬಿ ವೀರಣ್ಣನವರ ಹೆಸರಿನಿಂದಲೇ ನಾಡೆಲ್ಲ ಮಾತಾದ ಕಂಪನಿ ಅದು. ಆಟ ನೋಡಲು ಹೋಗುವಾಗ ಕಿವಿಯ ಮಡಿಕೆಯಲ್ಲಿ ಅತ್ತರಿನ ಹತ್ತಿ, ದವಡೆಯಲ್ಲಿ ಎಲೆಅಡಿಕೆ ಲವಂಗ ಇಟ್ಟುಕೊಂಡೇ ಹೋಗುತ್ತಿದ್ದುದು ಎಂದು ತಾತ ಹೇಳುತ್ತಿದ್ದರು. ಹಾಡುವ ನಟರೂ ಗಂಟಲಿಗೆಂದು ಲವಂಗ ಅಗಿಯುತ್ತಿದ್ದರಂತೆ. ತಾತನ ಪಾಲಿಗೆ ನಾಟಕವೆಂದರೆ ದೀಪ, ಹಾರ್ಮೋನಿಯಂ ಆಮೇಲಿನ ಮಾತು, ಮೊದಲು ಆ ಘಮ. ಕನೌಜಿನಲ್ಲಿ ಇವತ್ತಿಗೂ ತಾಮ್ರದ ಹಂಡೆಗಳಲ್ಲಿ ಭಟ್ಟಿ ಇಳಿಸುವ ಹೀನಾ, ಶಮಾಮಾ ಅತ್ತರುಗಳಲ್ಲಿ ಲವಂಗ ಬೀಳುತ್ತದೆ. ತಾತನ ಹತ್ತಿಯಲ್ಲಿದ್ದದ್ದು ಅಂಥದೇ ಇದ್ದೀತು.

ಗಂಧದಕಡ್ಡಿಯ ಮಾತು ಬಂದಾಗ ಅಕ್ಕನೇ ಟೀಚರಾದರು. ಮದುವೆಯಾದ ಹೊಸದರಲ್ಲಿ ಅವರು ಮನೆಯಲ್ಲೇ ಕೂತು ಕಡ್ಡಿ ಹೊಸೆದವರು. ತುಮಕೂರಿನ ಎಷ್ಟೋ ಹೆಣ್ಣುಮಕ್ಕಳು ಹಾಗೆ ಸಂಸಾರ ತೂಗಿಸಿದ್ದಾರೆ. "ನಾವು ಹೊಸೆಯೋ ಕರೀ ಕಡ್ಡೀಲಿ ಏನೂ ವಾಸ್ನೆ ಇರಲ್ಲ ಕಣಮ್ಮ. ಇದ್ದಿಲು ಪುಡಿ, ಜಿಗಟು, ಅಷ್ಟೆ. ಸಾವಿರಕ್ಕಿಷ್ಟು ಅಂತ ಲೆಕ್ಕ ಹಾಕಿ ಕೊಡೋರು. ಸೆಂಟಲ್ಲಿ ಅದ್ದೋದು ಅವ್ರ ಗೋಡೌನ್ನಾಗೆ. ನಾವು ಹೊಸೆದಿದ್ದು ಹೆಂಗೆ ಘಮ ಬತ್ತದೆ ಅಂತ ನಮಗೇ ಗೊತ್ತಾಗ್ತಿರಲಿಲ್ಲ." ಮಸಾಲಾ ಬತ್ತಿಯದು ಬೇರೆ ದಾರಿ. ಅದರಲ್ಲಿ ಹಾಲುಮಡ್ಡಿ, ಗಂಧದ ಪುಡಿ, ಲವಂಗದ ಪುಡಿ ಹಿಟ್ಟಿನಲ್ಲೇ ಕಲೆತಿರುತ್ತವೆ. ಎಷ್ಟು ಸಾವಿರ ಕಡ್ಡಿ ಆ ಕೈಗಳಲ್ಲಿ ಉರುಳಿದೆಯೋ, ಆ ಕೈಗಳಿಗೆ ಕೊನೆಯ ಪರಿಮಳ ತಲುಪಲಿಲ್ಲವಲ್ಲ ಎಂದು ನನಗೆ ಬಹಳ ಸಂಕಟವಾಯಿತು.

ಮೂರನೆಯ ದಿನ ನಾನು ತುಳಸಿಯ ಎಲೆ ಕಿತ್ತು ಉಜ್ಜಿ ಕೊಟ್ಟೆ. ಕೃಷ್ಣತುಳಸಿ. "ಕಣ್ಣು ಮುಚ್ಚಿ ಮೂಸಿ, ತುಳಸಿ ಅನ್ನೋದನ್ನ ಮರೆತು ಮೂಸಿ."

"ಲವಂಗ!" ಎಂದರು ತಟಕ್ಕನೆ.

ಯೂಜಿನಾಲೇ. ಲವಂಗದ ಮರ ಬಾರದ ನಮ್ಮ ಒಣಸೀಮೆಯಲ್ಲಿ ಲವಂಗದ ಜೀವ ಪ್ರತಿ ಮನೆಯ ಮುಂದೆ ಕಟ್ಟೆ ಕಟ್ಟಿಸಿಕೊಂಡು ನಿಂತಿದೆ. ಗುಬ್ಬಿಯ ತೋಟಗಳಲ್ಲಿ ಅಡಿಕೆ ಮರಕ್ಕೆ ಹಬ್ಬಿಸಿದ ವೀಳ್ಯದೆಲೆಯಲ್ಲಿ ಅದೂ ಇದೆ, ಅದರ ಅವಳಿಯಂಥ ಚಾವಿಬೆಟಾಲ್ ಕೂಡ ಇದೆ. ಎಲೆಯ ಖಾರ ಅದರದು. ಮಾವಿನ ತೋಟದವರು ಹಣ್ಣುನೊಣಕ್ಕೆ ಮೋಹಕ ಬಲೆ ಕಟ್ಟುತ್ತಾರಲ್ಲ, ಪ್ಲಾಸ್ಟಿಕ್ ಡಬ್ಬದೊಳಗೆ ಮದ್ದು ಹೀರಿಸಿದ ಮರದ ತುಂಡು, ಆ ಮದ್ದು ಮೀಥೈಲ್ ಯೂಜಿನಾಲ್. ಗಂಡು ನೊಣಗಳು ಆ ವಾಸನೆಗೆ ಮರುಳಾಗಿ ಬಂದು ಬೀಳುತ್ತವೆ. ಯೂಜಿನಾಲಿಗೆ ಒಂದು ಮೀಥೈಲ್ ಗುಂಪು ಅಂಟಿಸಿದರೆ ಅದಾಗುತ್ತದೆ. ಬೇರೊಂದು ದಾರಿಯಲ್ಲಿ ಒಯ್ದರೆ, ಅಂದರೆ ಕ್ಷಾರದಲ್ಲಿ ಕಾಯಿಸಿ ಐಸೊಯೂಜಿನಾಲ್ ಮಾಡಿಕೊಂಡು ಆಕ್ಸಿಡೀಕರಿಸಿದರೆ, ವೆನಿಲಿನ್ ಸಿಗುತ್ತದೆ. 19ನೇ ಶತಮಾನದ ಕೊನೆಯಿಂದ ಬಹುಕಾಲ ಕಾರ್ಖಾನೆಯ ವೆನಿಲಾ ಲವಂಗದೆಣ್ಣೆಯಿಂದಲೇ ಬರುತ್ತಿತ್ತು. ಹಲ್ಲಿನ ಡಾಕ್ಟರೂ ಐಸ್‌ಕ್ರೀಮೂ ಒಂದೇ ಬೇರಿನಿಂದ ಎಂದರೆ ನನ್ನ ಕ್ಲಾಸಿನ ಮಕ್ಕಳು ಕಣ್ಣರಳಿಸುತ್ತಿದ್ದರು.

ಒಂದು ಎಚ್ಚರಿಕೆಯನ್ನೂ ಹೇಳಿದೆ. ಇಷ್ಟು ಕೇಳಿ ಅಕ್ಕ ಅಂಗಡಿಯ ಲವಂಗದೆಣ್ಣೆಯನ್ನೇ ಮೈಗೆ ಸವರಿಕೊಂಡರೆ ಕಷ್ಟ. ಅಪ್ಪಟ ಎಣ್ಣೆ ಚರ್ಮ ಸುಡುತ್ತದೆ, ಕೆಲವರಿಗೆ ಅಲರ್ಜಿ ಹತ್ತುತ್ತದೆ, ಒಮ್ಮೆ ಹತ್ತಿದರೆ ಬಿಡುವುದಿಲ್ಲ. ಮೈಮೇಲೆ ಉಳಿಯುವ ಸೆಂಟು, ಕ್ರೀಮುಗಳಲ್ಲಿ ಯೂಜಿನಾಲ್ ಶೇ. 0.001 ಮೀರಿದರೆ, ತೊಳೆದುಹೋಗುವ ಸೋಪಿನಲ್ಲಿ ಶೇ. 0.01 ಮೀರಿದರೆ ಡಬ್ಬದ ಮೇಲೆ ಹೆಸರು ಹಾಕಲೇಬೇಕೆಂದು ಯುರೋಪಿನ ಕಾನೂನು. ಅದಕ್ಕೇ ಅವತ್ತು ಆ ಹೆಸರು ನನ್ನ ಕಣ್ಣಿಗೆ ಬಿದ್ದದ್ದು. ಐಸೊಯೂಜಿನಾಲಿಗಂತೂ ಇನ್ನೂ ಬಿಗಿ. ಹಳೆಯ ಕಾರ್ನೇಷನ್ ಸೆಂಟುಗಳನ್ನು ಮೊದಲಿನಂತೆ ಮಾಡಲಾಗದೆ ಹೋದದ್ದಕ್ಕೆ ಇದೂ ಒಂದು ಕಾರಣ. ಚರ್ಮ ಮುಖ್ಯ, ಒಪ್ಪುತ್ತೇನೆ. ಆದರೂ ಆ ಹೂವುಗಳು ಹೋದದ್ದು ನಷ್ಟವೇ.

ಕೊನೆಗೆ ಒಂದು ಹಳೆಯ ಲಗ್ನಪತ್ರಿಕೆಯ ಅಂಚನ್ನು ಉದ್ದಕ್ಕೆ ಕತ್ತರಿಸಿ, ಅದರ ತುದಿಗೆ ಅಕ್ಕನ ಸೀಸೆಯಿಂದ ಒಮ್ಮೆ ಹೊಡೆದು ಕೊಟ್ಟೆ. ಪರಿಮಳ ಬೆರೆಸುವವರು ಹೀಗೆ ಕಾಗದದ ಪಟ್ಟಿಯ ಮೇಲೆ ಹೊತ್ತು ಹೊತ್ತಿಗೂ ಮೂಸಿ ನೋಡುತ್ತಾರೆ. "ಈಗ ಬೇಡ. ಮಧ್ಯಾಹ್ನ ಊಟ ಆದ್ಮೇಲೆ ಒಂದ್ಸಲ, ರಾತ್ರಿ ಒಂದ್ಸಲ, ನಾಳೆ ಎದ್ದ ತಕ್ಷಣ ಒಂದ್ಸಲ ಮೂಸಿ. ಆಮೇಲೆ ಸೆಂಟನ್ನ ಯಾರಿಗೆ ಕೊಡ್ತೀರೋ ಕೊಡಿ."

ಮರುದಿನ ನಾನಿನ್ನೂ ರಂಗೋಲಿ ಹಾಕುತ್ತಿದ್ದೆ, ಅಕ್ಕ ಗೋಡೆಯ ಬಳಿ ಬಂದು ನಿಂತಿದ್ದರು. ಕೈಯಲ್ಲಿ ಆ ಪಟ್ಟಿ.

"ಮಧ್ಯಾಹ್ನ ಅದೇ ಡಾಕ್ಟ್ರು ವಾಸ್ನೆ ಇತ್ತು ಟೀಚರ್. ರಾತ್ರಿ ಹೂವಿನಂಗಾತು. ಈಗ..." ಎಂದು ನಿಲ್ಲಿಸಿದರು. "ಈಗ ನಮ್ಮಪ್ಪನ ಕೋಟು."

ಅಕ್ಕನ ತೌರು ಕುಣಿಗಲ್ಲಿನ ಮಗ್ಗುಲ ಹಳ್ಳಿ. ಅವರಪ್ಪ ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವರು. ಬೀಡಿ ಬಿಟ್ಟ ಮೇಲೆ ಕೋಟಿನ ಒಳಜೇಬಿನಲ್ಲಿ ಲವಂಗದ ಪೊಟ್ಟಣ ಇಟ್ಟುಕೊಂಡು ಅಗಿಯುತ್ತಿದ್ದರಂತೆ. ಸಂಜೆ ಮನೆಗೆ ಬಂದು ಕೋಟು ಬಿಚ್ಚಿ ಗೂಟಕ್ಕೆ ಹಾಕಿದರೆ ಹುಲ್ಲು, ಚರ್ಮ, ಕುದುರೆಯ ಬೆವರು, ಅದರೆಲ್ಲದರ ನಡುವೆ ಲವಂಗ. ಮಕ್ಕಳು ಸರದಿಯ ಮೇಲೆ ಆ ಕೋಟಿನೊಳಗೆ ಮುಖ ಹುದುಗಿಸುತ್ತಿದ್ದರಂತೆ. ನಾನು ಪಟ್ಟಿ ಇಸಿದುಕೊಂಡು ಮೂಸಿದೆ. ನನಗೆ ಗಂಧದ ಮರದಂಥದ್ದು, ಸ್ವಲ್ಪ ಸಿಹಿ, ಆಳದಲ್ಲಿ ಆರಿದ ಕೆಂಡದಂಥ ಲವಂಗ ಸಿಕ್ಕಿತು. ಕೋಟು ಸಿಗಲಿಲ್ಲ. ಅದು ಅವರಿಗೆ ಮಾತ್ರ ಸಿಗುವಂಥದ್ದು.

ಅಕ್ಕ ಸೆರಗಿನ ಮರೆಯಿಂದ ಇನ್ನೊಂದು ಪಟ್ಟಿ ತೆಗೆದರು. ರಾತ್ರಿಯೇ ಕತ್ತರಿಸಿ ಇಟ್ಟುಕೊಂಡಿದ್ದರು.

"ಇದ್ರ ಮೇಲೂ ಒಂಚೂರು ಹೊಡೀರಿ. ಕವರ್ನಾಗೆ ಹಾಕಿ ಕುಣಿಗಲ್ಲಿಗೆ ನಮ್ಮ ತಮ್ಮಂಗೆ ಕಳಿಸ್ತೀನಿ. ಏನೂ ಬರೆಯಲ್ಲ. ಮೂಸ್ಲಿ. ಏನಂತಾನೋ ನೋಡಾನ."